ಐದು ನಂಬರಿನ ಬೂಟು

ಅವರ ಸೊಂಟಕ್ಕೆ ಕರಿ ಉಡದಾರವಿತ್ತು, ಉಡದಾರದಲ್ಲಿ ಒಂದೇ ಒಂದು ಹಿತ್ತಾಳೆ ಚಾವಿ. ಮಷಿನ್ನಿನ ರಿಪೇರಿ ಮುಗಿದ ಮೇಲೆ ಅಂಗಿಯ ಎಡ ಚುಂಗನ್ನು ಎರಡು ಬೆರಳಿನಿಂದ ಎತ್ತಿ ಚಾವಿಯನ್ನು ಹೊರಗೆಳೆಯುತ್ತಿದ್ದರು. ಉಡದಾರದಿಂದ ಬಿಚ್ಚುತ್ತಿರಲಿಲ್ಲ. ಸ್ವಿಚ್ಚಿನ ಪೆಟ್ಟಿಗೆಗೆ ಹೊಟ್ಟೆ ತಾಗುವಷ್ಟು ಹತ್ತಿರ ನಿಂತು, ತುಸು ಬಾಗಿ ಬೀಗ ತೆಗೆಯುತ್ತಿದ್ದರು. ದೂರದಿಂದ ನೋಡಿದರೆ ಮಷಿನ್ನಿನ ಕಿವಿಯಲ್ಲಿ ಏನೋ ಗುಟ್ಟು ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಅವರ ಎಲ್ಲ ಅಂಗಿಗಳಲ್ಲೂ ಎಡಗಡೆ ಅದೇ ಜಾಗದಲ್ಲಿ, ಬೆವರಿಗೆ ಹಿತ್ತಾಳೆ ಬಿಟ್ಟ ಹಸಿರು ಕಲೆಯಿತ್ತು.

ನಾಸಿಕ್‌ನ ಸಾತಪುರದ ಕಾರ್ಖಾನೆಯೊಂದರ ಪ್ರೆಸ್ ವಿಭಾಗದಲ್ಲಿ ಅವರು ಫಿಟರ್. ಇಂಡಿ ತಾಲೂಕಿನ ಕಡೆಯವರು, ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದವರು. ಮರಾಠಿಯವರಿಗೆ, ಬಿಹಾರದವರಿಗೆ, ಗೇಟಿನ ಕಾವಲುಗಾರನಿಗೆ, ಎಲ್ಲರಿಗೂ ಅವರು ಫಿಟರ್ ಕಾಕಾ. ನಾನು ಆ ವಿಭಾಗದ ಮೊದಲ ಹೆಣ್ಣು ಇಂಜಿನಿಯರ್. ಅಪ್ಪ ಬ್ಯಾಂಕಿನವರು. ಹತ್ತನೇ ತರಗತಿಯವರೆಗೆ ಧಾರವಾಡದಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಅಪ್ಪನಿಗೆ ವರ್ಗವಾದಾಗ ನಾಸಿಕ್‌ಗೆ ಬಂದು ಇಲ್ಲೇ ಪದವಿ ಮುಗಿಸಿದವಳು ನಾನು. ಕೆಲಸಕ್ಕೆ ಸೇರಿದ ವಾರ ಸ್ಟೋರಿನಲ್ಲಿ ನನ್ನ ಅಳತೆಯ ಸೇಫ್ಟಿ ಬೂಟೇ ಇರಲಿಲ್ಲ. ಏಳಕ್ಕಿಂತ ಸಣ್ಣ ನಂಬರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಐದು ನಂಬರಿನದನ್ನು ಬೇರೆಯಾಗಿ ತರಿಸಿದರು. ಅದನ್ನು ತೊಟ್ಟು ಮೊದಲ ಸಲ ಶೆಡ್ಡಿಗೆ ಬಂದಾಗ ಕಾಕಾ ಕೆಳಗೆ ನೋಡಿ, "ಸಾಲಿ ಹುಡುಗರ ಬೂಟ್ ಇದ್ದಂಗ ಅದಾವಲ್ರಿ ಬಾಯಾರ," ಅಂದರು. ಸುತ್ತ ನಿಂತವರಿಗೆ ಕನ್ನಡ ತಿಳಿಯಲಿಲ್ಲ, ಆದರೂ ನಕ್ಕರು. ಕಾಕಾ ಏನಾದರೂ ಅಂದರೆ ನಗಬೇಕು ಎಂಬುದು ಅವರಿಗೆ ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರಿಲ್ಲ. ಮಷಿನ್ ಕೆಟ್ಟಾಗ ನಾನು ನಕ್ಷೆ ಬಿಡಿಸಿಕೊಂಡು ನಿಂತರೆ ಆಪರೇಟರುಗಳು ಮರ್ಯಾದೆಯಿಂದಲೇ, "ಕಾಕಾ ಬರಲಿ ಮ್ಯಾಡಮ್," ಅನ್ನುತ್ತಿದ್ದರು. ಕಾಕಾ ಬಂದು ಅಂಗೈಯನ್ನು ಪೈಪಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಜ್ವರ ನೋಡಿದ ಹಾಗೆ. ಆಮೇಲೆ ಹೇಳುತ್ತಿದ್ದ ಜಾಗದಲ್ಲೇ ತಪ್ಪು ಇರುತ್ತಿತ್ತು. ಕೆಲವೊಮ್ಮೆ ನನ್ನ ನಕ್ಷೆಯೂ ಅದೇ ಜಾಗವನ್ನು ತೋರಿಸಿರುತ್ತಿತ್ತು, ಆದರೆ ಆ ಹೊತ್ತಿಗೆ ನಕ್ಷೆ ಯಾರಿಗೆ ಬೇಕು? ಕಲಿಸಿಕೊಡುವ ಸ್ವಭಾವವೂ ಅವರದಲ್ಲ. ಕೇಳಿದರೆ, "ಕೈ ಇಟ್ಟು ನೋಡ್ರಿ, ಅದ ಹೇಳ್ತದ," ಅನ್ನುತ್ತಿದ್ದರು. ನಾನು ಕೈ ಇಟ್ಟೆ. ಕಬ್ಬಿಣ ನನಗೆ ಏನನ್ನೂ ಹೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರೂ ನಾನೂ ಒಂದೇ ಪಾಠದವರು. ರಿಪೇರಿಗೆ ಮೊದಲು ಮುಖ್ಯ ಸ್ವಿಚ್ಚನ್ನು ಇಳಿಸಿ, ಯಾರೂ ಮೇಲೆತ್ತದಂತೆ ಅದರ ಹಿಡಿಕೆಗೆ ಬೀಗ ಹಾಕಬೇಕು. ಒಳಗೆ ಎಷ್ಟು ಜನರೋ ಅಷ್ಟು ಬೀಗ, ಒಬ್ಬೊಬ್ಬರ ಚಾವಿ ಅವರವರ ಹತ್ತಿರ. ಪ್ರತಿ ಸೋಮವಾರ ಹತ್ತು ನಿಮಿಷ ಇದನ್ನು ಎಲ್ಲರಿಗೂ ಹೇಳಿಕೊಡುತ್ತಿದ್ದವಳು ನಾನೇ. ಕಂಪನಿ ಕೆಂಪು ಬೀಗಗಳನ್ನು ಕೊಟ್ಟಿತ್ತು. ಕಾಕಾ ಅವನ್ನು ಆಟಿಕೆ ಎಂದು ಬದಿಗಿಟ್ಟು, ಊರ ಮನೆಯ ಹಿಂಬಾಗಿಲಿನಿಂದ ತಂದ ಹಿತ್ತಾಳೆಯ ಬೀಗವನ್ನೇ ಹಾಕುತ್ತಿದ್ದರು. ಬೀಗಕ್ಕೆ ಅವರ ಕಡೆ ಕೀಲಿ ಅನ್ನುತ್ತಾರೆ. "ನನ್ನ ಕೀಲಿ ಬಿತ್ತು ಅಂದ್ರ ಈ ಮಷಿನ್ ಸತ್ತದ. ಎಬ್ಬಸೂದು ನಾನ," ಎಂಬುದು ಅವರ ಮಾತು.

ಒಂದು ಭಾನುವಾರ ನಮ್ಮ ಮನೆಯ ನೀರಿನ ಮೋಟರು ಕೆಟ್ಟಿತು. ಅರ್ಧ ದಿನ ಅದನ್ನು ಬಿಚ್ಚಿ ಕೂತಿದ್ದೆ. ಅಪ್ಪ ಕಾದು ಕಾದು, ನನ್ನನ್ನು ಕೇಳದೆಯೇ ಕಾಕಾಗೆ ಫೋನು ಮಾಡಿದರು. ಅವರು ಬಂದರು, ಅಂಗೈ ಇಟ್ಟರು, ಮೋಟರು ತಿರುಗಿತು. ನಮ್ಮಪ್ಪ ತಮ್ಮ ಬೆತ್ತದ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂಡಿಸುವವರಲ್ಲ. ಅವತ್ತು ಕಾಕಾನನ್ನು ಅದರಲ್ಲಿ ಕೂಡಿಸಿ, ತಾವು ಸ್ಟೂಲಿನ ಮೇಲೆ ಕೂತು, ಒಂದು ತಾಸು ಇಂಡಿಯ ಲಿಂಬೆಹಣ್ಣಿನ ಮಾತಾಡಿದರು. ನನ್ನ ಜೊತೆ ಅಷ್ಟು ಹೊತ್ತು ಅಷ್ಟು ಖುಷಿಯಿಂದ ಮಾತಾಡಿದ್ದು ನೆನಪಿಲ್ಲ.

"ವಿದ್ಯಾ ಅಂದ್ರ ಇದು ನೋಡು, ಕೈಯಾಗಿರಬೇಕು," ಅಂದರು ಅಪ್ಪ ನನ್ನ ಕಡೆ ತಿರುಗಿ. ನನ್ನ ಪದವಿಯ ಚೌಕಟ್ಟು ಅವರ ತಲೆಯ ಮೇಲೇ ಗೋಡೆಯಲ್ಲಿತ್ತು.

"ಬಾಯಾರು ಓದ್ಯಾರ್ರೀ ಸರ," ಅಂದರು ಕಾಕಾ. "ನಮಗ ಪುಸ್ತಕಾ ಕೊಟ್ರ ತೆಲಿ ಕೆಳಗ ಇಟಗೊಂಡು ಮಲಗ್ತೀವಿ."

ಅಪ್ಪ ನಕ್ಕರು. ಅದು ನನ್ನ ಪರವಾಗಿ ಆಡಿದ ಮಾತು ಎಂದು ಈಗ ತಿಳಿಯುತ್ತದೆ. ಅವತ್ತು ಭಿಕ್ಷೆಯಂತೆ ಕೇಳಿಸಿತ್ತು.

ಆ ದಿನಕ್ಕೆ ಬರುತ್ತೇನೆ.

ನಾಲ್ಕನೇ ಪ್ರೆಸ್ಸಿಗೆ ಒಂದು ಕೆಟ್ಟ ರೋಗ ಬಂದಿತ್ತು. ಪಂಪು ಶುರುವಾದರೆ ಸಾಕು, ಯಾರೂ ಬಟನ್ ಒತ್ತದಿದ್ದರೂ ಮೇಲಿನ ಭಾರ ತಾನಾಗಿಯೇ ಕೆಳಗಿಳಿಯುತ್ತಿತ್ತು. ಕಾಕಾ ಸ್ವಿಚ್ ಇಳಿಸಿ ಬೀಗ ಹಾಕಿದರು. ಭಾರಕ್ಕೆ ಆನಿಕೆಯಾಗಿ ಒಳಗೆ ನಿಲ್ಲಿಸುವ ಕಬ್ಬಿಣದ ದಿಮ್ಮಿ ಪಕ್ಕದ ಶೆಡ್ಡಿನಲ್ಲಿತ್ತು. "ಅದನ್ನ ತರ್ತೀನಿ. ನಾ ಬರೂತನಕ ಯಾರೂ ಒಳಗ ಕೈ ಹಾಕಬ್ಯಾಡ್ರಿ," ಅಂದರು. ಆಪರೇಟರುಗಳಿಗೆ ಅದನ್ನೇ ಮರಾಠಿಯಲ್ಲೂ ಹೇಳಿದರು. ಆಮೇಲೆ ನನ್ನತ್ತ ನೋಡಿ, "ಚಹಾದ ಟೈಮ್ ಆತು ಬಾಯಾರ. ಹೋಗಿ ಚಹಾ ಕುಡೀರಿ."

ಆಪರೇಟರುಗಳು ಹೋದರು. ನಾನು ಹೋಗಲಿಲ್ಲ. ದೊಡ್ಡವರ ಕೆಲಸದ ನಡುವೆ ಬಂದ ಮಗುವನ್ನು ಆಚೆ ಕಳಿಸಿದ ಹಾಗೆ ನನಗನಿಸಿತ್ತು. ತಪ್ಪು ಯಾವ ವಾಲ್ವಿನಲ್ಲಿದೆ ಎಂದು ನನಗೆ ಅಂದಾಜಿತ್ತು. ಅವರು ಬರುವುದರೊಳಗೆ ಅದನ್ನು ಹುಡುಕಿ, ಎಲ್ಲರೆದುರು ತೋರಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಬ್ಯಾಟರಿ ಹಿಡಿದು ಮಷಿನ್ನಿನ ಹಿಂದೆ ಹೋಗಿ, ಸೊಂಟದವರೆಗೆ ಒಳಗೆ ತೂರಿದೆ. ನನ್ನ ಕೆಂಪು ಬೀಗ ಮೇಜಿನ ಡ್ರಾಯರಿನಲ್ಲಿತ್ತು. ಸೋಮವಾರದ ಪಾಠ ಹೇಳುವ ನಾನು ಅವರ ಒಂದು ಬೀಗದ ನಂಬಿಕೆಯ ಮೇಲೆ, ಅವರನ್ನೇ ಮೀರಿಸಲು ಹೋಗಿದ್ದೆ.

ಮುಂಭಾಗಕ್ಕೆ ಪ್ರೊಡಕ್ಷನ್ ಮ್ಯಾನೇಜರು ಬಂದದ್ದು ಬೂಟಿನ ಸದ್ದಿನಿಂದ ತಿಳಿಯಿತು. ಗೇಟಿನಲ್ಲಿ ಮಾಲಿಗಾಗಿ ಲಾರಿ ಕಾಯುತ್ತಿತ್ತು. ಅವರಿಗೆ ಕಂಡದ್ದು ಸುಮ್ಮನೆ ನಿಂತ ಮಷಿನ್ ಮತ್ತು ಒಂದು ಹಳೆಯ ಬೀಗ, ಅಷ್ಟೆ. ಕಟ್ ಎಂದು ಕಬ್ಬಿಣ ಕತ್ತರಿಸಿದ ಸದ್ದಾಯಿತು. ಬೀಗವನ್ನು ಅವರು ಎಸೆದಿರಬೇಕು, ಅದು ನೆಲದ ಮೇಲೆ ಜಾರಿಕೊಂಡು ಬಂದು ನನ್ನ ಬೂಟಿಗೆ ತಾಗಿತು. ಹಿಡಿಕೆ ಮೇಲೆದ್ದ ಸದ್ದು. ಆಮೇಲೆ ಪ್ಯಾನೆಲ್ಲಿನೊಳಗಿನ ಸಣ್ಣ ಫ್ಯಾನು ಗುಂಯ್ ಎಂದಿತು. ಇನ್ನು ಪಂಪು ಶುರುಮಾಡುವ ಹಸಿರು ಬಟನ್ ಒಂದೇ ಬಾಕಿ. ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ನನ್ನ ಬೆನ್ನಿನ ಮೇಲೆ ಒಂದು ಗೇಣು ದೂರದಲ್ಲಿ ಎಣ್ಣೆ ಜಿನುಗುತ್ತಿದ್ದ ಕಬ್ಬಿಣವಿತ್ತು. ಅದರ ತಣ್ಣಗಿನ ವಾಸನೆ ಈಗಲೂ ಊಟದ ನಡುವೆ ಬಂದುಬಿಡುತ್ತದೆ.

ಎಲುಬಿನ ಮೇಲೆ ಕಬ್ಬಿಣ ಬಿದ್ದ ಸದ್ದು, ಮ್ಯಾನೇಜರರ ಚೀರಾಟ. ಹಿಡಿಕೆ ಕೆಳಗಿಳಿಯಿತು. ಫ್ಯಾನು ನಿಂತಿತು.

"ಹೊರಗ ಬರ್ರಿ," ಅಂದರು ಕಾಕಾ. ಬಹಳ ಮೆಲ್ಲಗೆ ಅಂದರು.

ತೆವಳಿ ಹೊರಬಂದು ನೋಡಿದೆ. ಕಾಕಾನ ಕೈಯಲ್ಲಿ ನಟ್ಟು ಬಿಗಿಯುವ ದೊಡ್ಡ ಪಾನಾ ಇತ್ತು. ಬಟನ್ನಿನತ್ತ ಹೊರಟ ಕೈಗೆ ಅದರಿಂದಲೇ ಹೊಡೆದಿದ್ದರು. ಮ್ಯಾನೇಜರು ಮಣಿಕಟ್ಟು ಹಿಡಿದುಕೊಂಡು ನಿಂತಿದ್ದರು. ನನ್ನನ್ನು ನೋಡಿದರು, ಮುಖ ಬಿಳಿಚಿತು. ಆದರೂ ಅವರ ಬಾಯಿಂದ ಬಂದದ್ದು ಹಿಂದಿಯಲ್ಲಿ ಇಷ್ಟು: "ಒಂದು ಬೀಗಕ್ಕಾಗಿ ನನ್ನ ಕೈ ಮುರಿದೆಯಾ?"

ಕಾಕಾ ಪಾನಾವನ್ನು ಮೇಜಿನ ಮೇಲಿಟ್ಟರು. ಬರಿಗೈಯಿಂದ ಅವರ ಕೆನ್ನೆಗೆ ಬಾರಿಸಿದರು. ಚೀರಾಟ ಕೇಳಿ ಓಡಿಬಂದ ಆಪರೇಟರುಗಳು ನೋಡಿದ್ದು ಇದೊಂದನ್ನೇ.

ಸಂಜೆ ಮ್ಯಾನೇಜರು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಬೀಗ ಎಲ್ಲಿತ್ತು?" ಅದರರ್ಥ ನನಗಾಯಿತು. ಕಾಕಾನ ಬೀಗದ ಮಾತೆದ್ದರೆ ನನ್ನ ಬೀಗದ ಮಾತೂ ಏಳುತ್ತದೆ. ಆಮೇಲೆ ಅವರು ಬೀಗವನ್ನು ಮಷಿನ್ನಿನ ಹಿಂದೆಲ್ಲ ಹುಡುಕಿಸಿದರು. ಸಿಗಲಿಲ್ಲ. ಅದು ನನ್ನ ಊಟದ ಚೀಲದಲ್ಲಿತ್ತು. ಯಾಕೆ ಎತ್ತಿಕೊಂಡೆನೋ, ತೆವಳಿ ಹೊರಬರುವಾಗ ಕೈ ತಾನಾಗಿ ಎತ್ತಿಕೊಂಡಿತ್ತು.

ಮೇಲಧಿಕಾರಿಯ ಮೇಲೆ ಕೆಲಸದ ಜಾಗದಲ್ಲಿ ಹಲ್ಲೆ, ಗಂಭೀರ ದುರ್ನಡತೆ ಎಂದು ಕಾಕಾಗೆ ಆರೋಪಪತ್ರ ಬಂತು. ಕಂಪನಿಯ ಮೀಟಿಂಗ್ ಕೋಣೆಯಲ್ಲೇ ವಿಚಾರಣೆ. ಹೊರಗಿನಿಂದ ಬಂದ ವಕೀಲರೊಬ್ಬರು ವಿಚಾರಣಾಧಿಕಾರಿ. ಬೀಗ ಇರಲೇ ಇಲ್ಲ, ಫಿಟರ್ ಹಳೆಯ ಜಗಳ ತೀರಿಸಿಕೊಂಡ ಎಂಬುದು ಕಂಪನಿಯ ವಾದ. ನಾನು ಕಂಪನಿಯ ಸಾಕ್ಷಿ.

"ನೀವು ಎಲ್ಲಿದ್ದಿರಿ?"

"ಮಷಿನ್ನಿನ ಹಿಂದೆ."

"ಸ್ವಿಚ್ಚಿಗೆ ಬೀಗ ಇದ್ದದ್ದು ನೋಡಿದಿರಾ?"

"ಇಲ್ಲ."

ಹೇಳಿದ್ದು ಎರಡೇ ಮಾತು. ಹೆದರಿ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ನಿಜ. ಆದರೆ ಆ "ಇಲ್ಲ" ಬಾಯಿಂದ ಜಾರುವಾಗ ಅದರ ತಳದಲ್ಲಿ ಒಂದು ಸಣ್ಣ ಸಮಾಧಾನವೂ ಇತ್ತು. ಇನ್ನು ಮೇಲೆ "ಕಾಕಾ ಬರಲಿ" ಎಂದು ಯಾರೂ ಅನ್ನುವುದಿಲ್ಲ.

ನನ್ನನ್ನು ಪ್ರಶ್ನಿಸುವ ಸರದಿ ಕಾಕಾನದು. ಇಡೀ ವಿಚಾರಣೆ ಮರಾಠಿಯಲ್ಲಿ ನಡೆದಿತ್ತು. ಅವರು ನನ್ನತ್ತ ತಿರುಗಿ, ಮನೆಯಲ್ಲಿ ಕೇಳುವ ಹಾಗೆ ಕನ್ನಡದಲ್ಲಿ ಕೇಳಿದರು:

"ಅವತ್ತು ಚಹಾ ಕುಡದ್ರೇನ್ರಿ, ಬಾಯಾರ?"

ಕೋಣೆಯಲ್ಲಿ ಆ ಪ್ರಶ್ನೆ ತಿಳಿದದ್ದು ನನಗೊಬ್ಬಳಿಗೆ. ಕುಡಿಯಲಿಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಏನು ಮಾಡುತ್ತಿದ್ದಿರಿ ಎಂಬುದು. ವಿಚಾರಣಾಧಿಕಾರಿ ನನ್ನನ್ನು ಕೇಳಿದರು, "ಏನಂತೆ?" ನಾನು ಮರಾಠಿಯಲ್ಲಿ ಹೇಳಿದೆ, ಚಹಾ ಕುಡಿದಿರಾ ಎಂದು ಕೇಳುತ್ತಿದ್ದಾರೆ ಅಂತ. ಅವರಿಗೆ ಸಿಟ್ಟು ಬಂತು. ಬೇರೆ ಭಾಷೆಯಲ್ಲಿ ಅಸಂಬದ್ಧ ಪ್ರಶ್ನೆ, ಅನುಮತಿ ಇಲ್ಲ ಎಂದು ಬರೆದು, ಪಾಟೀಸವಾಲನ್ನು ಅಲ್ಲಿಗೇ ಮುಗಿಸಿದರು. ಕಾಕಾ ಮತ್ತೇನೂ ಕೇಳಲಿಲ್ಲ. ನನ್ನ ಬೀಗದ ಬಗ್ಗೆ ಮೊದಲೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ.

ಅವರನ್ನು ಕೆಲಸದಿಂದ ತೆಗೆದರು. ಆಪರೇಟರುಗಳು ನನ್ನನ್ನು ಈಗ ಕರೆಯತೊಡಗಿದರು, ಬೇರೆ ದಾರಿ ಇರಲಿಲ್ಲ. ನಾನು ರಿಪೇರಿ ಮಾಡಿ ಮುಗಿಸಿದ ಮೇಲೂ ಒಬ್ಬನಾದರೂ, "ಕಾಕಾ ಇದ್ದಿದ್ದರೆ," ಎಂದು ಶುರು ಮಾಡಿ ನನ್ನನ್ನು ಕಂಡು ಸುಮ್ಮನಾಗುತ್ತಿದ್ದ. ಇಲ್ಲದವರ ಮೇಲಿನ ಹೊಟ್ಟೆಕಿಚ್ಚು ಇನ್ನೂ ಕಷ್ಟ. ಇದ್ದವರಾದರೆ ಒಮ್ಮೆಯಾದರೂ ತಪ್ಪು ಮಾಡಿಯಾರು.

ಕಾಕಾ ನಾಸಿಕ್‌ನ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ವರ್ಷಗಳು ಹೋದವು. ಕೊನೆಗೆ ನ್ಯಾಯಾಧೀಶರು ಕಂಪನಿಯ ವಿಚಾರಣೆಯೇ ಸರಿಯಾಗಿ ನಡೆದಿಲ್ಲ ಅಂದರು. ಕಾರಣ ಚಹಾ. ಕಾರ್ಮಿಕನ ಪ್ರಶ್ನೆಯನ್ನು ತಿಳಿದುಕೊಳ್ಳದೆಯೇ ತಡೆದದ್ದು ತಪ್ಪು, ಹೊಡೆತದ ವಿಷಯವನ್ನು ಕಂಪನಿ ಇನ್ನು ನ್ಯಾಯಾಲಯದಲ್ಲೇ ಮೊದಲಿನಿಂದ ರುಜುವಾತು ಮಾಡಲಿ ಎಂದು ಆದೇಶವಾಯಿತು. ಕಂಪನಿಯ ವಕೀಲರು ನನ್ನನ್ನು ಕರೆದು, "ಅವೇ ಎರಡು ಮಾತು ಹೇಳಿದರೆ ಸಾಕು," ಅಂದರು.

ಮರುದಿನ ರಜೆ ಹಾಕಿ ಛತ್ರಪತಿ ಸಂಭಾಜಿನಗರದ ಬಸ್ಸು ಹತ್ತಿದೆ. ಕಾಕಾ ಅಲ್ಲಿ ಉಡುಪಿ ಕಡೆಯವರ ಹೋಟೆಲೊಂದರಲ್ಲಿ ಗ್ರೈಂಡರು, ಬಾಯ್ಲರು ನೋಡಿಕೊಂಡಿದ್ದಾರೆಂದು ಕೇಳಿದ್ದೆ. ಯೇವಲೆ, ವೈಜಾಪುರ ದಾಟುವವರೆಗೆ ಏನು ಹೇಳಬೇಕೆಂದು ಜೋಡಿಸುತ್ತಲೇ ಇದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ಯಾರೋ ಕೂಗುತ್ತಿದ್ದರು, "ಅದಕ್ಕೆ ಕೈ ಹಾಕ್ಬೇಡಿ ಮಾರಾಯ್ರೆ, ಕಾಕಾ ಬರ್ಲಿ." ಕ್ಷಮೆ ಕೇಳಲು ಬಂದವಳ ಹೊಟ್ಟೆಯಲ್ಲಿ ಆಗಲೂ ಹಳೆಯ ಕಿಚ್ಚು ಚುರ್ ಎಂದಿತು.

ಗ್ರೈಂಡರಿನ ಪ್ಲಗ್ ಕಿತ್ತು, ವೈರನ್ನು ಸುತ್ತಿ ತಮ್ಮ ಜೇಬಿನಲ್ಲಿ ತುರುಕಿಕೊಂಡು ಕಾಕಾ ಹೊರಗೆ ಬಂದರು. ಸೊರಗಿದ್ದರು. ಅಂಗಿಯ ಎಡಗಡೆ ಆ ಕಲೆ ಹಾಗೇ ಇತ್ತು.

"ಬರ್ರಿ ಬಾಯಾರ. ಈಗರೆ ಚಹಾ ಕುಡೀತೀರೋ ಇಲ್ಲೋ?"

ನಾನು ಚೀಲದಿಂದ ಬೀಗ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ನಿಮ್ಮ ಹಂತೇಕ ಇತ್ತೇನ್ರಿ," ಅಂದರು. "ಕಸದಾಗ ಹೋತು ಅಂತ ಮಾಡಿದ್ದೆ. ನಮ್ಮವ್ವ ಹಾಕ್ತಿದ್ದ ಕೀಲಿ ಅದು."

"ಕೋರ್ಟಿನಾಗ ಎಲ್ಲಾ ಹೇಳ್ತೀನಿ ಕಾಕಾ. ನಾ ಒಳಗಿದ್ದೆ ಅಂತ, ನನ್ನ ಕೀಲಿ ಇರಲಿಲ್ಲ ಅಂತ. ಕೆನ್ನೀಗೆ ಹೊಡದದ್ದು ನಾ ನೋಡೇ ಇಲ್ಲ ಅಂತನೂ ಹೇಳ್ತೀನಿ."

"ಅದ್ಯಾಕ್ರಿ ಮತ್ತೊಂದು ಸುಳ್ಳು?" ಅವರು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡರು. "ಮೊದಲನೇ ಏಟು ನಿಮ್ಮ ಸಲುವಾಗಿ ಹೊಡದೆ. ಅದನ್ನ ನೀವು ಹೇಳ್ರಿ. ಎರಡನೇದು ನನ್ನ ಸಲುವಾಗಿ. ಅದನ್ನ ನಾ ಹೇಳ್ತೀನಿ."

"ನನ್ನ ಕೀಲಿ ವಿಚಾರ ಅವತ್ತ ಯಾಕ ಹೇಳಲಿಲ್ಲ ನೀವು?"

"ನನ್ನ ಕೀಲಿ ಬಿದ್ದಿತ್ತಲ್ರಿ. ಅದು ಇರೂತನಕ ಒಳಗಿದ್ದವರ ಕಾಳಜಿ ನಂದ." ಚಹಾ ಕುಡಿದು ಮುಗಿಸಿ, "ಆದ್ರ ನಿಮ್ಮ ಮ್ಯಾಲ ಸಿಟ್ಟು ಬಂದಿತ್ತು. ಇನ್ನೂ ಅದ," ಅಂದರು. "ಇಡ್ಲಿ ತರಸ್ಲೇನು?"

ನ್ಯಾಯಾಲಯದಲ್ಲಿ ಕಂಪನಿಯ ವಕೀಲರು ಅವೇ ಎರಡು ಪ್ರಶ್ನೆ ಕೇಳಿದರು. ನಾನು ಬೇರೆ ಉತ್ತರ ಕೊಟ್ಟೆ. ಅವರಿಗೆ ನಾನೀಗ ಎದುರು ಪಕ್ಷದ ಸಾಕ್ಷಿಯಾದೆ. ಆಗ ಸುಳ್ಳೋ ಈಗ ಸುಳ್ಳೋ ಎಂದು ಜಗ್ಗಿದರು. ಆಗ, ಅಂದೆ. ಯಾಕೆ ಅಂದರು. ಹೆದರಿ, ಅಂದೆ. ಇನ್ನೊಂದು ಕಾರಣವನ್ನು ಅಲ್ಲೂ ಹೇಳಲಿಲ್ಲ.

ಬೀಗ ಆ ಕಾರ್ಖಾನೆಯ ಸ್ವಿಚ್ಚಿನದೇ ಎನ್ನಲು ಏನು ಆಧಾರ, ಎಲ್ಲಾದರೂ ಕೊಂಡು ತಂದಿರಬಹುದು ಎಂದು ಅವರು ವಾದಿಸಿದರು. ನ್ಯಾಯಾಧೀಶರು ಕಾಕಾನನ್ನು ನೋಡಿದರು. ಕಾಕಾ ಎದ್ದು ಮೇಜಿನ ಹತ್ತಿರ ಬಂದು, ಅಂಗಿಯ ಎಡ ಚುಂಗನ್ನು ಎರಡು ಬೆರಳಿನಿಂದ ಎತ್ತಿದರು. ಉಡದಾರ ಬಿಚ್ಚದೆ, ಮೇಜಿಗೆ ಹೊಟ್ಟೆ ತಾಗಿಸಿ, ಬಾಗಿ, ಚಾವಿ ತಿರುಗಿಸಿದರು. ಕೊಕ್ಕೆ ತುಂಡಾದ ಬೀಗ ಒಳಗಿನಿಂದ ಕಟಕ್ ಎಂದಿತು. ಉಳಿದರ್ಧ ಕೊಕ್ಕೆ ಮೇಲೆ ಪುಟಿಯಿತು. ಬೆರಳಚ್ಚುಗಾರರೂ ಕೈ ನಿಲ್ಲಿಸಿ ನೋಡಿದರು.

ಅಲ್ಲಿಗೆ ಬಿಟ್ಟಿದ್ದರೆ ಗೆದ್ದಂತೆಯೇ. ಕಾಕಾನ ವಕೀಲರು ಮೊದಲೇ ತಾಕೀತು ಮಾಡಿದ್ದರಂತೆ, ಕೈ ತಡೆದದ್ದಷ್ಟನ್ನೇ ಹೇಳಿ, ಕೆನ್ನೆಯದು ನೂಕಾಟದಲ್ಲಿ ತಗುಲಿತು ಅನ್ನಿ ಎಂದು. ನ್ಯಾಯಾಧೀಶರು ಎಷ್ಟು ಸಲ ಹೊಡೆದಿರಿ ಎಂದು ಕೇಳಿದಾಗ ಕಾಕಾ ಮರಾಠಿಯಲ್ಲಿ ಸ್ಪಷ್ಟವಾಗಿ, "ಎರಡು ಸಲ, ಸಾಹೇಬರೇ," ಅಂದರು. "ಎರಡನೇದು ಬೇಕಾಗಿಯೇ ಹೊಡೆದೆ."

ಅವರ ವಕೀಲರು ಕಣ್ಣು ಮುಚ್ಚಿದರು. ನಾನು ಕಟಕಟೆಯ ಪಕ್ಕದ ಬೆಂಚಿನಲ್ಲಿ ಕೂತು ಸುಡುತ್ತಿದ್ದೆ. ಒಂದು ನಿಜ ಹೇಳಲು ನನಗೆ ವರ್ಷಗಳು ಹಿಡಿದವು. ಅವರು ತಮ್ಮ ವಿರುದ್ಧದ ನಿಜವನ್ನು ಒಂದೇ ಉಸಿರಲ್ಲಿ ಹೇಳಿ ಬಂದು ಕೂತಿದ್ದರು. ಅದಲ್ಲದೆ, ಆ ಕೆನ್ನೆಗೆ ಬಾರಿಸಬೇಕಾದವಳು ನಾನು. ಒಳಗಿದ್ದದ್ದು ನನ್ನ ಮೈ, "ಒಂದು ಬೀಗಕ್ಕಾಗಿಯಾ" ಎಂದು ಕೇಳಿಸಿಕೊಂಡದ್ದು ನಾನು. ಆ ಏಟೂ ಅವರ ಪಾಲಿಗೇ ಹೋಗಿತ್ತು.

ಆದೇಶ ಬಂತು. ಮೊದಲ ಏಟು ಜೀವ ಉಳಿಸಲು, ಅದು ದುರ್ನಡತೆಯಲ್ಲ. ಎರಡನೆಯದು ದುರ್ನಡತೆಯೇ, ಆದರೆ ಅದಕ್ಕೆ ಕೆಲಸದಿಂದಲೇ ತೆಗೆಯುವುದು ಅತಿಯಾದ ಶಿಕ್ಷೆ. ಅಷ್ಟರಲ್ಲಿ ಅವರಿಗೆ ನಿವೃತ್ತಿಯ ವಯಸ್ಸು ದಾಟಿದ್ದರಿಂದ ಮತ್ತೆ ಸೇರಿಸಿಕೊಳ್ಳುವ ಮಾತಿಲ್ಲ. ವಜಾ ಆದವರಲ್ಲ, ನಿವೃತ್ತರು ಎಂದು ದಾಖಲಾಯಿತು. ಫೋನಿನಲ್ಲಿ ಓದಿ ಹೇಳಿದೆ. ಕಾಕಾ ಕೇಳಿಸಿಕೊಂಡು, "ಒಂದು ಪಾಸು, ಒಂದು ನಪಾಸು," ಅಂದರು. "ಬರೋಬರ್ ಅದ ಬಿಡ್ರಿ."

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೃದಯದ ತೊಂದರೆ ಅಂದರು. ನಾನು ಸಂಭಾಜಿನಗರ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಂದು ಖೋಲಿಯ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ದೇಹ ಕಳಿಸುವ ಮುಂಚೆ ಕಾಕಾನ ಉಡದಾರ ಹರಿದಾಗ ಬಂದ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಅದರ ಬೀಗ ನ್ಯಾಯಾಲಯದ ಕಡತದಲ್ಲಿತ್ತು.

ಆ ಚಾವಿಯನ್ನು ನನಗೆ ಕೊಡುತ್ತೀರಾ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಇಲ್ರಿ," ಅಂದರು ಅವರು, ಗಂಟನ್ನು ಮುಷ್ಟಿಯಲ್ಲಿ ಹಿಡಿದು. ಆಮೇಲೆ ಅವರ ಕಣ್ಣು ಬಾಗಿಲ ಹೊರಗಿದ್ದ ನನ್ನ ಚಪ್ಪಲಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಐದು ನಂಬರ್ ಬೂಟಿನವರು ನೀವೇನ್ರಿ?"

ಹೌದು ಅಂದೆ.

"ನಿದ್ದ್ಯಾಗ ಕನವರಸ್ತಿದ್ರು. ಐದು ನಂಬರ್ ಒಳಗ ಅದಾವ, ಐದು ನಂಬರ್ ಒಳಗ ಅದಾವ ಅಂತ. ಏನಂತ ಕೇಳಿದ್ರ ಹೇಳ್ತಿದ್ದಿಲ್ಲ. ಕೋರ್ಟ್ ಮುಗದ ಮ್ಯಾಲ ಒಮ್ಮೆ ಅಂದ್ರು, ಬಾಗಲದಾಗಿಂದ ಮಷಿನ್ ಕೆಳಗ ಸಣ್ಣ ಬೂಟು ಕಂಡು ಓಡಿದೆ ಅಂತ." ಅವರು ಸೆರಗಿನ ಗಂಟನ್ನು ತಿರುವಿದರು. "ಅವರಿಗೆ ದೂರಿಂದು ಬರೋಬರ್ ಕಾಣ್ತಿದ್ದಿಲ್ರಿ. ಚಸ್ಮಾ ಹಾಕಬೇಕಾಗತೈತಿ ಅಂತ ಕಂಪನ್ಯಾಗ ಯಾರಿಗೂ ಹೇಳಿದ್ದಿಲ್ಲ. ಅಷ್ಟು ಸಣ್ಣ ಕಾಲು ಅವತ್ತ ಹ್ಯಾಂಗ ಕಂಡ್ವೋ."